‘ಉಶಬ್ತಿ’ಗೆ ಗೊಂಬೆ ಅಂದರೆ ಸಾಕಾ? ‘ಓಗೊಡು’, ‘ಬಿಟ್ಟಿ’ ಬಗ್ಗೆಯೂ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ,

ಹಳೆಯ ಈಜಿಪ್ಟಿನ ಗೋರಿಗಳ ಕಲೆಯ ಬಗ್ಗೆ ಮಕ್ಕಳಿಗಾಗಿ ಒಂದು ಬರಹ ಮಾಡುತ್ತಿದ್ದೇನೆ. ‘ಉಶಬ್ತಿ’ ಅನ್ನುವ ಪದದ ಹತ್ತಿರ ಬಂದು ನಿಂತಿದ್ದೇನೆ. ಸತ್ತವರ ಜೊತೆ ಗೋರಿಯಲ್ಲಿ ಇಡುತ್ತಿದ್ದ ಪುಟ್ಟ ಮೂರ್ತಿ ಇದು. ಮರ, ಕಲ್ಲು, ನೀಲಿ ಹೊಳಪಿನ ಫಯಾನ್ಸ್ (ಪಿಂಗಾಣಿಯಂತೆ ಸುಟ್ಟು ಮಾಡುವ ವಸ್ತು), ಎಲ್ಲದರಲ್ಲೂ ಮಾಡುತ್ತಿದ್ದರು. ಮೊದಲು ಸುಮ್ನೆ ‘ಗೊಂಬೆ’ ಅಂತ ಬರೆದೆ. ಓದಿದ ಗೆಳತಿ “ಮಕ್ಕಳು ಆಡೋದಕ್ಕಾ?” ಅಂದಳು. ಅಲ್ಲಿಗೆ ಆ ಪದ ಹೋಯಿತು.

ಉಶಬ್ತಿ ಅಂದರೆ ‘ಉತ್ತರಿಸುವವನು’ ಎಂದು ಅರ್ಥ ಹೇಳುತ್ತಾರೆ. ಆದರೆ ಇದು ಪ್ರಶ್ನೆಗೆ ಕೊಡುವ ಉತ್ತರ ಅಲ್ಲ. ಸತ್ತ ಮೇಲೂ ಹೊಲ ಇರುತ್ತದೆ, ಅಲ್ಲೂ ಕೆಲಸಕ್ಕೆ ಕೂಗುತ್ತಾರೆ ಎಂದು ಅವರು ನಂಬಿದ್ದರು. ಆಗ ಯಜಮಾನನ ಬದಲು ಈ ಮೂರ್ತಿ ಹೋಗಬೇಕು. ಸತ್ತವರಿಗೆ ನೆರವಾಗಲೆಂದು ಬರೆದ ಮಂತ್ರಗಳ ಸಂಗ್ರಹ ‘ಮೃತರ ಪುಸ್ತಕ’ದ 6ನೇ ಅಧ್ಯಾಯವನ್ನು ಎಷ್ಟೋ ಉಶಬ್ತಿಗಳ ಮೈಮೇಲೇ ಬರೆದಿರುತ್ತಾರೆ. ಸಾರ ಇಷ್ಟು: ಬೇಸಾಯಕ್ಕೆ, ನೀರು ಹಾಯಿಸಲು, ಮರಳು ಸಾಗಿಸಲು ಸತ್ತ ಯಜಮಾನನನ್ನು ಕರೆದರೆ, ಉಶಬ್ತಿಯೇ, ನೀನು ‘ನಾನಿದ್ದೀನಿ’ ಅನ್ನು.

ಕೂಗಿದಾಗ ‘ಓ’ ಅನ್ನುವುದು, ಅಲ್ವಾ? ಅದಕ್ಕೆ ನಮ್ಮಲ್ಲಿ ‘ಓಗೊಡು’ ಇದ್ದೇ ಇದೆ. ‘ಉತ್ತರಿಸು’ಗಿಂತ ಇದೇ ಹೆಚ್ಚು ಹತ್ತಿರ ಅಂತ ನನಗೆ ಅನಿಸುತ್ತದೆ. ‘ಓಗೊಂಬೆ’ ಅಂತ ಕಟ್ಟಿ ನೋಡಿದೆ. ಯಾರೋ ಹಾಡು ಶುರುಮಾಡಿದ ಹಾಗೆ ಕೇಳಿಸಿತು, ಬಿಟ್ಟೆ. ‘ಓಗೊಡುವ ಆಳು’ ಅಂದರೆ ಹೇಗೆ?

‘ಆಳು’ ಯಾಕೆ ಬೇಕು ಅಂದರೆ, ಮೂರ್ತಿಯ ರೂಪವೇ ಹಾಗಿದೆ. ಮೈ ಮಮ್ಮಿಯ ಹಾಗೆ ಸುತ್ತಿದ್ದರೂ ಎದೆಯ ಮೇಲಿನ ಕೈಗಳಲ್ಲಿ ಗುದ್ದಲಿ, ಬೆನ್ನಿಗೆ ಚೀಲ. ಈಜಿಪ್ಟಿನ ಅರಸ ತುತಾಂಖಾಮುನ್‌ನ ಗೋರಿಯಲ್ಲಿ ಇಂಥವು 413 ಇದ್ದವು. ದಿನಕ್ಕೊಬ್ಬರಂತೆ 365 ಆಳುಗಳು, ಹತ್ತು ಆಳಿಗೊಬ್ಬನಂತೆ 36 ಮೇಸ್ತ್ರಿಗಳು, ತಿಂಗಳಿಗೊಬ್ಬನಂತೆ 12 ಮೇಲಿನವರು. ಪರಲೋಕದಲ್ಲೂ ಮೇಸ್ತ್ರಿ ತಪ್ಪಲಿಲ್ಲ! ಕೆಲವು ಕಾಲದ ಮೇಸ್ತ್ರಿ ಉಶಬ್ತಿಗಳ ಕೈಯಲ್ಲಿ ಚಾವಟಿಯೇ ಇರುತ್ತದೆ. ಮುಂದೆ ಇಷ್ಟೊಂದು ಬೇಕಾದಾಗ ಅಚ್ಚಿನಲ್ಲಿ ಒತ್ತಿ ತೆಗೆದರು, ಕೆಲವಕ್ಕೆ ಮೂಗು ಬಾಯಿಯೂ ಸರಿಯಾಗಿಲ್ಲ. ನೋಡುವವರಿಗಾಗಿ ಮಾಡಿದ್ದಲ್ಲವಲ್ಲ, ಮುಚ್ಚಿದ ಗೋರಿಯಲ್ಲಿ ಕೆಲಸಕ್ಕೆ ಒದಗಿದರೆ ಸಾಕಿತ್ತು. ಹಾಗಾಗಿ ‘ಕಲಾಕೃತಿ’ ಅನ್ನಲೂ ನನಗೆ ಮನಸ್ಸಿಲ್ಲ. ಶಿಲ್ಪಿಯನ್ನೇ ಅವರು ‘ಬದುಕಿಸುವವನು’ ಅನ್ನುತ್ತಿದ್ದರಂತೆ.

ಎರಡನೇ ಪ್ರಶ್ನೆ. ಬದುಕಿರುವಾಗ ಅರಸನ ಕಾಲುವೆ, ಏರಿ ಕೆಲಸಕ್ಕೆ ಜನರನ್ನು ಕಡ್ಡಾಯವಾಗಿ ಕರೆಸುತ್ತಿದ್ದರು. ಪರಲೋಕದ ಕರೆಯೂ ಅದರದೇ ನೆರಳು. ಇದಕ್ಕೆ ನಮ್ಮ ಹಳೆಯ ಪದ ‘ಬಿಟ್ಟಿ’, ಸಂಸ್ಕೃತದ ‘ವಿಷ್ಟಿ’ಯಿಂದ ಬಂದದ್ದು. ‘ಬಿಟ್ಟಿ ಚಾಕರಿ’ಯಲ್ಲಿ ಆ ಅರ್ಥ ಇನ್ನೂ ಇದೆ. ಆದರೆ ಈಗ ಬರೀ ‘ಬಿಟ್ಟಿ’ ಅಂದರೆ ಪುಕ್ಕಟೆ. ‘ಬಿಟ್ಟಿ ಆಳು’ ಅಂದರೆ ಸೋಪಿನ ಜೊತೆ ಬಂದದ್ದು ಅಂದುಕೊಂಡಾರು. ‘ಬಿಟ್ಟಿ ದುಡಿಮೆ’ ಅಂದರೆ ಮಕ್ಕಳಿಗೆ ತಿಳಿಯುತ್ತದಾ? ನಿಮ್ಮ ಕಡೆ ಬೇರೆ ಮಾತಿದ್ದರೆ ಹೇಳಿ.

ಅಂದಹಾಗೆ, ಉಶಬ್ತಿಗೆ ‘ಶಬ್ತಿ’, ‘ಶವಬ್ತಿ’ ಎಂಬ ಹಳೆಯ ರೂಪಗಳೂ ಇವೆ. ಆ ‘ಶವ’ಕ್ಕೂ ನಮ್ಮ ಶವಕ್ಕೂ ಏನೂ ನಂಟಿಲ್ಲ. ಗೋರಿಯ ವಿಷಯವಾದ್ದರಿಂದ ಮಕ್ಕಳು ಖಂಡಿತ ಕೇಳುತ್ತಾರೆ. ಅದಕ್ಕೇ ಮೂಲ ಪದ ಬಳಸುವಲ್ಲಿ ‘ಉಶಬ್ತಿ’ಯನ್ನೇ ಇಟ್ಟುಕೊಂಡಿದ್ದೇನೆ.