ಹೀಟರ್ ತಗೊಳ್ಳುವ ಮೊದಲು ಕೋಣೆ ನೋಡಿ, ಸಾಕೆಟ್ ನೋಡಿ

ಪ್ರಶ್ನೆ: ಸರ್, ನೀವು ವೈರಿಂಗ್ ಕೆಲಸದವರು ಅಂತ ಕೇಳುತ್ತಿದ್ದೇನೆ. ಅಮ್ಮನಿಗೆ ರಾತ್ರಿ ಚಳಿ ತಡೆಯಲು ಆಗುತ್ತಿಲ್ಲ. ಅವರ ಕೋಣೆ 12 ಅಡಿಗೆ 10 ಅಡಿ. ಅಂಗಡಿಯಲ್ಲಿ ಫ್ಯಾನ್ ಹೀಟರ್, ಆಯಿಲ್ ಹೀಟರ್, ರಾಡ್ ಕೆಂಪಗಾಗುವ ಹೀಟರ್ ಮೂರೂ ತೋರಿಸಿದರು. ಆಯಿಲ್ ಹೀಟರಿಗೆ ದುಡ್ಡು ಜಾಸ್ತಿ, ಆದರೆ ಕರೆಂಟ್ ಉಳಿಯುತ್ತೆ ಅಂದರು. ನಿಜವಾ?

ಉತ್ತರ: ಅಮ್ಮನ ಕೋಣೆಗೆ ಆಯಿಲ್ ಹೀಟರೇ ತಗೊಳ್ಳಿ. ಆದರೆ ಕರೆಂಟ್ ಉಳಿಯುತ್ತೆ ಅನ್ನುವ ಮಾತು ನಂಬಿ ಅಲ್ಲ. 1500 ವ್ಯಾಟ್ ಎಳೆಯುವ ಹೀಟರ್ ಯಾವ ಜಾತಿಯದೇ ಆಗಿರಲಿ, ಕೊಡುವ ಬಿಸಿಯೂ ಅಷ್ಟೇ. ಒಂದು ಗಂಟೆ ಬಿಡದೆ ಉರಿದರೆ ಒಂದೂವರೆ ಯೂನಿಟ್, ಮೂರಕ್ಕೂ ಒಂದೇ ಲೆಕ್ಕ. ಆ ಬಿಸಿ ಗಾಳಿಗೆ ಹೋಗುತ್ತಾ, ನೇರ ಮೈಗೆ ಬರುತ್ತಾ, ಎಷ್ಟು ಹೊತ್ತಿಗೆ ಬರುತ್ತೆ, ವ್ಯತ್ಯಾಸ ಇರುವುದು ಅಲ್ಲಿ.

ಆಯಿಲ್ ಹೀಟರ್ ನಿಧಾನ. ಕೋಣೆ ಹದಕ್ಕೆ ಬರಲು ಅರ್ಧ ಗಂಟೆಯಾದರೂ ಬೇಕು. ಆದರೆ ಸದ್ದಿಲ್ಲ, ಕಣ್ಣಿಗೆ ಬೆಳಕು ಹೊಡೆಯಲ್ಲ, ಆರಿಸಿದ ಮೇಲೂ ಸ್ವಲ್ಪ ಹೊತ್ತು ಬೆಚ್ಚಗೇ ಇರುತ್ತೆ. ಒಳಗಿನ ಎಣ್ಣೆ ಉರಿಯುವುದಿಲ್ಲ, ಮತ್ತೆ ತುಂಬಿಸುವ ಕೆಲಸವೂ ಇಲ್ಲ. ಮಲಗುವ ಒಂದು ಗಂಟೆ ಮೊದಲೇ ಹಾಕಿ, ಬಾಗಿಲು ಮುಚ್ಚಿಡಿ, ಮಲಗುವಾಗ ಆರಿಸಿ.

ಎಷ್ಟು ವ್ಯಾಟ್ ಅಂದರೆ, ಮಾಮೂಲಿ ಎತ್ತರದ ಕೋಣೆಗೆ ಚದರ ಅಡಿಗೆ 10 ವ್ಯಾಟ್ ಅಂತ ಒಂದು ಅಂದಾಜು ಇಟ್ಟುಕೊಳ್ಳುತ್ತೇವೆ. ನಿಮ್ಮದು 120 ಚದರ ಅಡಿ, ಅಂದರೆ 1200 ವ್ಯಾಟ್. ಕಿಟಕಿ ಸಂದಿಯಲ್ಲಿ ಗಾಳಿ ನುಗ್ಗುತ್ತಿದ್ದರೆ 1500 ಇರಲಿ. ಅದಕ್ಕಿಂತ ಮೊದಲು ಆ ಸಂದಿ ಮುಚ್ಚಿ, ಬಿಸಿ ಸುಮ್ನೆ ಆಚೆ ಹೋಗುವುದು ತಪ್ಪುತ್ತೆ. ಥರ್ಮೋಸ್ಟಾಟ್, ಅಂದರೆ ಬೇಕಾದಷ್ಟು ಬಿಸಿಯಾದ ಮೇಲೆ ತಾನೇ ಆರಿಸುವ ವ್ಯವಸ್ಥೆ, ಇರುವುದನ್ನೇ ನೋಡಿ ತಗೊಳ್ಳಿ. ಕರೆಂಟ್ ನಿಜವಾಗಿ ಉಳಿಸುವುದು ಅದು.

ಪ್ರಶ್ನೆ: ನಾನು ದೊಡ್ಡ ಹಾಲಿನ ಮೂಲೆಯಲ್ಲಿ ಕೂತು ಕೆಲಸ ಮಾಡುತ್ತೇನೆ, ಒಬ್ಬನೇ. 2000 ವ್ಯಾಟಿನ ಫ್ಯಾನ್ ಹೀಟರ್ ಇಟ್ಟರೂ ಕಾಲು ತಣ್ಣಗೇ ಇರುತ್ತೆ.

ಉತ್ತರ: ಬಿಸಿ ಗಾಳಿ ಮೇಲಕ್ಕೆ ಹೋಗಿ ಸೂರಿನ ಹತ್ತಿರ ನಿಂತಿದೆ, ಕೆಳಗೆ ನಿಮ್ಮ ಕಾಲಿಗೆ ಏನೂ ಸಿಕ್ಕಿಲ್ಲ. ನಿಮಗೆ ಬೇಕಾಗಿರುವುದು ರಾಡ್ ಹೀಟರ್, ಕ್ವಾರ್ಟ್ಸ್ ಅಥವಾ ಹ್ಯಾಲೊಜೆನ್. ಬಿಸಿಲಿಗೆ ಮೈಯೊಡ್ಡಿದ ಹಾಗೆ, ಎದುರಿಗಿದ್ದವರಿಗೆ ನೇರ ತಾಗುತ್ತೆ. 400ರಿಂದ 800 ವ್ಯಾಟ್ ಸಾಕು. ಪರದೆ, ಹಾಸಿಗೆ, ಬಟ್ಟೆಯಿಂದ ಮೂರಡಿ ದೂರ ಇಡಿ. ಬಿದ್ದರೆ ತಾನೇ ಆಫ್ ಆಗುವ ಸ್ವಿಚ್ ಇರಲೇಬೇಕು, ಅದಿಲ್ಲದ ಹೀಟರನ್ನು ನಾನು ಯಾರಿಗೂ ಹೇಳುವುದಿಲ್ಲ.

ಪ್ರಶ್ನೆ: ಹೀಟರ್ ಹಾಕಿದರೆ ಆಮ್ಲಜನಕ ಕಡಿಮೆ ಆಗುತ್ತೆ ಅಂತಾರೆ, ಮೂಗು ಒಣಗುವುದು ಅದಕ್ಕೇನಾ?

ಉತ್ತರ: ಅಲ್ಲ. ಕರೆಂಟಿನ ಹೀಟರಿನಲ್ಲಿ ಏನೂ ಉರಿಯುವುದಿಲ್ಲ, ಆಮ್ಲಜನಕ ಖರ್ಚಾಗುವುದಿಲ್ಲ. ಗ್ಯಾಸ್, ಇದ್ದಿಲಿನ ಮಾತು ಬೇರೆ, ಅವು ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಅಪಾಯ. ಮೂಗು ಒಣಗುವುದಕ್ಕೆ ಕಾರಣ ಬೇರೆ. 10 ಡಿಗ್ರಿಯ ಗಾಳಿಯಲ್ಲಿ ತೇವ ಶೇ. 60 ಇದೆ ಅನ್ನಿ. ಅದೇ ಗಾಳಿಯನ್ನು 20 ಡಿಗ್ರಿಗೆ ಬಿಸಿ ಮಾಡಿದರೆ ತೇವ ಶೇ. 32ರ ಆಸುಪಾಸಿಗೆ ಇಳಿಯುತ್ತೆ. ನೀರು ಎಲ್ಲೂ ಹೋಗಿರಲ್ಲ, ಬಿಸಿ ಗಾಳಿಗೆ ನೀರು ಹಿಡಿದುಕೊಳ್ಳುವ ಶಕ್ತಿ ಜಾಸ್ತಿ, ಅಷ್ಟೇ.

ಪ್ರಶ್ನೆ: ಬಚ್ಚಲಿಗೆ?

ಉತ್ತರ: ನೆಲದ ಮೇಲಿಡುವ ಹೀಟರ್ ಬಚ್ಚಲಿಗೆ ಬೇಡವೇ ಬೇಡ, ಹತ್ತು ನಿಮಿಷಕ್ಕೂ ಬೇಡ. ಗೋಡೆಯ ಮೇಲೆ ಎತ್ತರದಲ್ಲಿ ಕೂರಿಸುವ ರಾಡ್ ಹೀಟರ್ ಸಿಗುತ್ತೆ, ಮೇಲೆ ಐಪಿಎಕ್ಸ್4 ಅಂತ ಇರಬೇಕು, ಅಂದರೆ ನೀರು ಸಿಡಿದರೂ ತಡೆಯುತ್ತೆ. ಸ್ವಿಚ್ ಹೊರಗೆ, ಲೈನಿಗೆ, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪ್ಸ್ ಆರ್‌ಸಿಸಿಬಿ. ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ.

ಪ್ರಶ್ನೆ: ಸರ್, ಮೊದಲು ಕೇಳಿದವಳು ನಾನೇ. ಆಯಿಲ್ ಹೀಟರ್ ತಂದೆವು, ಚೆನ್ನಾಗಿದೆ. ಅಮ್ಮನ ಮಂಚದ ಹತ್ತಿರ ಸಾಕೆಟ್ ಇಲ್ಲ ಅಂತ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿದ್ದೇವೆ. ಪ್ಲಗ್ ಸ್ವಲ್ಪ ಬಿಸಿ ಅನ್ನಿಸುತ್ತೆ, ಪರವಾಗಿಲ್ವಾ?

ಉತ್ತರ: ಈಗಲೇ ಆರಿಸಿ ಮೇಡಂ. 230 ವೋಲ್ಟ್ ಲೈನಿನಲ್ಲಿ 1500 ವ್ಯಾಟ್ ಅಂದರೆ 6.5 ಆಂಪ್ಸ್, 2000 ಅಂದರೆ 8.7. ಮಾಮೂಲಿ 6 ಆಂಪ್ಸ್ ಸಾಕೆಟ್, ತೆಳು ವೈರಿನ ಬಾಕ್ಸ್ ಇಷ್ಟನ್ನು ಗಂಟೆಗಟ್ಟಲೆ ತಡೆಯಲ್ಲ. ಒಂದು ಮನೆಯಲ್ಲಿ ಹೀಗೇ ಹಾಕಿಟ್ಟ ಬಾಕ್ಸ್ ಬಿಚ್ಚಿದೆ. ಪಿನ್ನಿನ ತೂತಿನ ಸುತ್ತ ಕಂದು ಬಣ್ಣದ ಉಂಗುರ, ಒಳಗೆ ಸ್ಕ್ರೂ ಸಡಿಲ, ವೈರಿನ ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿತ್ತು. ಸುಟ್ಟ ವಾಸನೆ ಬಂದಿದೆ, ಹೀಟರಿನ ಧೂಳು ಅಂದುಕೊಂಡು ಸುಮ್ಮನಿದ್ದರು.

ಗೋಡೆಯಲ್ಲಿರುವ 16 ಆಂಪ್ಸ್ ಸಾಕೆಟ್ ಹುಡುಕಿ, ನೇರ ಅದಕ್ಕೇ ಹಾಕಿ. ಅದು ಕೋಣೆಯ ಆ ತುದಿಯಲ್ಲಿದ್ದರೂ ಪರವಾಗಿಲ್ಲ, ಆಯಿಲ್ ಹೀಟರ್ ಮಂಚದ ಪಕ್ಕವೇ ಇರಬೇಕು ಅಂತೇನಿಲ್ಲ. ಇಲ್ಲದಿದ್ದರೆ ಹೊಸ ಪಾಯಿಂಟ್ ಎಳೆಸಿ. ಅಲ್ಲಿಯವರೆಗೆ ಅಮ್ಮನಿಗೆ ಕಾಲಿನ ಹತ್ತಿರ ಬಿಸಿನೀರಿನ ಚೀಲ ಇಟ್ಟು, ಇನ್ನೊಂದು ಕಂಬಳಿ ಹೊದಿಸಿ. ಆ ಬಾಕ್ಸಿನ ಫೋಟೊ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.