35 ಗಜದಿಂದ ಓಡಿ ಬಂದು ಹೊಡೆಯುವ ಶೂಟೌಟ್ ಯಾವ ಲೀಗಿನದು?

ಮಂಡ್ಯ ಕೀಪರ್:
ಭಾನುವಾರ ನಮ್ಮ ಬಡಾವಣೆ ಫುಟ್‌ಬಾಲ್ ಟೂರ್ನಿಯ ಫೈನಲ್ 1-1 ಆಯ್ತು. ಪೆನಾಲ್ಟಿಗೆ ಗ್ಲೌಸ್ ಬಿಗಿ ಮಾಡಿ ನಿಂತಿದ್ದೆ. ಮೈಸೂರಿಂದ ಬಂದಿದ್ದ ರೆಫರಿ ಮೇಷ್ಟ್ರು ಬೇಡ ಎಂದರು. ಚೆಂಡನ್ನು 35 ಗಜ ದೂರ ಇಟ್ಟರು. ಅಲ್ಲಿಂದ ಓಡಿಸಿಕೊಂಡು ಬಂದು 5 ಸೆಕೆಂಡಿನೊಳಗೆ ಹೊಡೆಯಬೇಕಂತೆ, ಕೀಪರ್ ಮುಂದೆ ನುಗ್ಗಬಹುದಂತೆ. ನುಗ್ಗಿ ಮೂರು ತಡೆದೆ! 'ಹಳೇ ಅಮೆರಿಕಾ ರೂಲು' ಎಂದವರೇ ಟೀ ಕುಡಿದು ಬಸ್ ಹತ್ತಿದರು. ಯಾವ ಲೀಗ್ ಅದು?

ಬೆಂಚ್ ಆಟಗಾರ:
ಎಂಎಲ್‌ಎಸ್, ಅಂದ್ರೆ ಅಮೆರಿಕಾದ ಈಗಿನ ಮೇಜರ್ ಲೀಗ್ ಸಾಕರ್ ಅಲ್ವಾ? 1996ರಿಂದ 1999ರವರೆಗೆ ಅಲ್ಲಿ ಇತ್ತು.

ಕುವೆಂಪುನಗರದ ತಾತ:
ಅವರು ಎರವಲು ತಂದಿದ್ದು. ಮೂಲ ನಾರ್ತ್ ಅಮೆರಿಕನ್ ಸಾಕರ್ ಲೀಗ್. 1968ರಲ್ಲಿ ಶುರು, 1984 ಕೊನೆಯ ಸೀಸನ್. ಈ ಶೂಟೌಟ್ 1977ರಲ್ಲಿ ಬಂತು. ಅಂಕದ ಲೆಕ್ಕ ಇನ್ನೂ ತಮಾಷೆ. ಗೆದ್ದರೆ 6, ಜೊತೆಗೆ ಗೋಲಿಗೊಂದು, ಮೂರು ಗೋಲಿನವರೆಗೆ. 4-3ರಲ್ಲಿ ಸೋತವರೂ 3 ಅಂಕ ಜೇಬಿಗಿಳಿಸಿ ಹೋಗುತ್ತಿದ್ದರು!

ನಾನಾಗ ಮೈಸೂರಿನ ಹಾಸ್ಟೆಲಿನಲ್ಲಿದ್ದೆ. 1977ರ ಸೆಪ್ಟೆಂಬರ್ 24ರಂದು ಆ ಲೀಗಿನ ಕಾಸ್ಮಾಸ್ ತಂಡ ಪೆಲೆಯನ್ನು ಕರೆದುಕೊಂಡು ಕಲ್ಕತ್ತಾಕ್ಕೆ ಬಂತು. ಈಡನ್ ಗಾರ್ಡನ್ಸ್ ಮಳೆಗೆ ರಾಡಿಯಾಗಿತ್ತು. ಮೋಹನ್ ಬಗಾನ್ 2-2 ಮಾಡಿಕೊಂಡಿತು ಕಣ್ರೀ, ಪೆಲೆಗೆ ಒಂದು ಗೋಲೂ ಸಿಗಲಿಲ್ಲ. ಪೇಪರಿನ ಫೋಟೋ ಕತ್ತರಿಸಿ ಅನ್ನದ ಅಗುಳಲ್ಲಿ ಟ್ರಂಕಿನ ಮುಚ್ಚಳಕ್ಕೆ ಅಂಟಿಸಿದ್ದೆ. ಈಗ ಆ ಟ್ರಂಕಿನಲ್ಲಿ ಮನೆಯವರ ಹಳೇ ಸೀರೆಗಳಿವೆ, ಪೆಲೆ ಅರ್ಧ ಹರಿದಿದ್ದಾರೆ.

ಬೆಂಚ್ ಆಟಗಾರ:
ಪೆಲೆಯೇ ಇದ್ದ ಲೀಗ್ ಯಾಕೆ ಮುಚ್ಚಿತು ಸಾರ್?

ಕುವೆಂಪುನಗರದ ತಾತ:
ಪೆಲೆ ಇದ್ದದ್ದಕ್ಕೇ ಅನ್ನಿ! ಅವರು 1975ರಲ್ಲಿ ಸೇರಿದರು. 1977ರ ಆಗಸ್ಟಿನಲ್ಲಿ ಕಾಸ್ಮಾಸಿನ ಒಂದೇ ಪಂದ್ಯಕ್ಕೆ 77,691 ಜನ. ಅದನ್ನು ನೋಡಿ 18 ಇದ್ದ ತಂಡಗಳು ಮರುವರ್ಷ 24 ಆದವು. ಜಂಬೂ ಸವಾರಿ ದಿನದ ಜನ ನೋಡಿ, ವರ್ಷವಿಡೀ ಹೀಗೇ ಇರುತ್ತೆ ಅಂತ ಸಯ್ಯಾಜಿರಾವ್ ರಸ್ತೆಯಲ್ಲಿ ಮಳಿಗೆ ಹಿಡಿದ ಹಾಗೆ. ಕಾಸ್ಮಾಸ್ ಹಿಂದೆ ವಾರ್ನರ್ ಕಂಪನಿಯ ದುಡ್ಡಿತ್ತು. ಉಳಿದವರೂ ಹಾಗೇ ಹೊರಗಿನ ಸ್ಟಾರ್‌ಗಳಿಗೆ ಸುರಿದು ಕೈ ಸುಟ್ಟುಕೊಂಡರು. 1984ರ ಹೊತ್ತಿಗೆ ಉಳಿದದ್ದು 9 ತಂಡ. ಮುಂದಿನ ವರ್ಷಕ್ಕೆ ಅಷ್ಟೂ ಇಲ್ಲ.

ಮಂಡ್ಯ ಕೀಪರ್:
ಥ್ಯಾಂಕ್ಸ್ ಸಾರ್. ಹಾಗಾದ್ರೆ ನಾನು ತಡೆದದ್ದು ಲೆಕ್ಕಕ್ಕಿದೆ ಅಲ್ವಾ? ಸೋತವರು ಒಪ್ಪುತ್ತಿಲ್ಲ, ಕಪ್ ಇನ್ನೂ ಅವರ ಹತ್ರಾನೇ ಇದೆ.

ಕುವೆಂಪುನಗರದ ತಾತ:
ಆಟ ಶುರುವಾಗೋ ಮೊದಲೇ ರೂಲು ಹೇಳಿದ್ರಾ?