ಎಮ್ಮೆ ಹಾಲು: ಖೋವಾದವರ ಮುಂಗಡ ತಗೊಳ್ಳೋದೋ, ಸಂಘಕ್ಕೇ ಹಾಕೋದೋ?

ಪ್ರಶ್ನೆ:
ನಮಸ್ಕಾರ್ರಿ. ಧಾರವಾಡ ತಾಲ್ಲೂಕು, ಎರಡು ಎಮ್ಮೆ. ಹೊಲ ಇಲ್ಲ, ಕಣಿಕೆ (ಜೋಳದ ಒಣ ದಂಟು) ಕೊಂಡೇ ಹಾಕಬೇಕು. ದಿನಕ್ಕೆ 6 ಲೀಟರ್ ಮಾರಾಟಕ್ಕೆ ಉಳಿಯುತ್ತದೆ. ಖೋವಾ ಕಾಯಿಸುವವರು ಬಡ್ಡಿ ಇಲ್ಲದೆ 40,000 ರೂಪಾಯಿ ಮುಂಗಡ ಕೊಡುತ್ತಾರಂತೆ. ಆದರೆ ಹಾಲು ಅವರಿಗೇ ಹಾಕಬೇಕು, ಮುಂಗಡ ಪಡೆಯದವರಿಗಿಂತ ಲೀಟರಿಗೆ 6 ರೂಪಾಯಿ ಕಡಿಮೆ. ಹಾಲಿನ ಸಂಘದಲ್ಲಿ ದರ ನಿಲ್ಲುವುದು ಫ್ಯಾಟ್ (ಜಿಡ್ಡಿನ ಅಂಶ) ಮೇಲೆ, ನಮ್ಮದು 5.2 ದಾಟುತ್ತಿಲ್ಲ. ಏನು ಮಾಡಬೇಕು?

ಉತ್ತರ 1:
ಬಡ್ಡಿ ಇಲ್ಲ ಅನ್ನೋದು ಬರೀ ಮಾತು, ಅಣ್ಣಾರ. ದಿನಕ್ಕೆ 36 ರೂಪಾಯಿ, 300 ದಿನ ಹಿಂಡಿದರೆ 10,800. ನಲವತ್ತು ಸಾವಿರಕ್ಕೆ 27% ಆಯಿತು, ಅಸಲು ಹಾಗೇ ನಿಂತಿರುತ್ತದೆ! ಎಮ್ಮೆ ಬತ್ತಿದ ಮೇಲೆ ಮತ್ತೆ ಕೈ ಚಾಚಬೇಕು, ದರ ಕೇಳುವ ಬಾಯಿ ಅಲ್ಲಿಗೇ ಕಟ್ಟಿತು. ಸಂಘಕ್ಕೆ ಹಾಕಿದ ಹಾಲಿಗೆ ಸರ್ಕಾರದ ಪ್ರೋತ್ಸಾಹಧನ ಇದೆ, ಹೊರಗೆ ಕೊಟ್ಟರೆ ಅದೂ ಇಲ್ಲ. ದುಡ್ಡು ಬೇಕಾಗಿರುವುದು ಮೇವು, ಹಿಂಡಿಗೆ ಆಗಿದ್ದರೆ ಬ್ಯಾಂಕಿನಲ್ಲಿ ಹೈನುಗಾರಿಕೆಗೆ ಕಿಸಾನ್ ಕ್ರೆಡಿಟ್ ಕಾರ್ಡ್ ಕೇಳಿ. 7% ಬಡ್ಡಿ, ಗಡುವಿನೊಳಗೆ ಕಟ್ಟಿದರೆ 4% ಬೀಳುತ್ತದೆ. ಹೊಲ ಇಲ್ಲದವರಿಗೂ ಕೊಡುತ್ತಾರೆ. ಎಮ್ಮೆ ಕೊಳ್ಳಲು ಮಾತ್ರ ಅದು ಆಗದು.

ಉತ್ತರ 2:
5.2 ಎಮ್ಮೆಗೆ ತೀರ ಕಡಿಮೆ. ಮೊದಲು ಕರು ನೋಡಿ. ಸೊರ ಬಿಡಿಸಲು (ಹಾಲು ಇಳಿಯಲು) ಕರು ಬಿಟ್ಟು, ಹಾಲು ಹಿಂಡಿ, ಕಡೆಗೆ ಮತ್ತೆ ಕರು ಬಿಡುತ್ತಿದ್ದರೆ ಜಿಡ್ಡೆಲ್ಲ ಅದರ ಹೊಟ್ಟೆಗೇ ಹೋಗುತ್ತದೆ, ಏಕೆಂದರೆ ಕೊನೆಯ ಹಾಲೇ ಗಟ್ಟಿ. ಒಂದು ಮೊಲೆ ಪೂರ್ತಿ ಕರುವಿಗೆ ಬಿಟ್ಟು ಉಳಿದ ಮೂರನ್ನು ಕಡೇ ಹನಿವರೆಗೆ ಹಿಂಡಿ. ಕರುವಿನ ಹೊಟ್ಟೆಗೆ ಮಾತ್ರ ಕಡಿಮೆ ಮಾಡಬೇಡಿ. ತಿನ್ನಿಸುವ ಹಿಂಡಿ ಜಾಸ್ತಿ, ಒಣಮೇವು ಕಡಿಮೆಯಾದರೂ ಫ್ಯಾಟ್ ಇಳಿಯುತ್ತದೆ. ಕ್ಯಾನಿನಲ್ಲಿ ನಿಂತ ಹಾಲಿನ ಕೆನೆ ಮೇಲೇರುತ್ತದೆ, ಆದ್ದರಿಂದ ಸ್ಯಾಂಪಲ್ ತೆಗೆಯುವ ಮೊದಲು ತಳದಿಂದ ಕಲಕಿಸಿ, ಎದುರಿಗೇ ನಿಂತು ನೋಡಿ. 6 ಲೀಟರಿನಲ್ಲಿ 5.2 ಅಂದರೆ ಸುಮಾರು 320 ಗ್ರಾಂ ಜಿಡ್ಡು, 6.5 ಅಂದರೆ 400 ಗ್ರಾಂ.

ಉತ್ತರ 3:
ಇಬ್ಬರೂ ಹೇಳಿದ್ದು ಸರಿ, ಆದರೆ ಮನೆ ಮುರಿಯುವುದು ಬತ್ತಿದ ಕಾಲ. ಗಬ್ಬ ಹತ್ತು ತಿಂಗಳ ಮೇಲೆ ಹತ್ತು ದಿನ. ಕರು ಹಾಕಿ ಮೂರು ತಿಂಗಳಿಗೆ ಮತ್ತೆ ಗಬ್ಬ ಕಟ್ಟಿದರೆ ಹದಿಮೂರು ತಿಂಗಳಿಗೊಂದು ಕರು. ಎಂಟು ತಿಂಗಳಿಗೆ ಕಟ್ಟಿದರೆ ಹಾಲಿಲ್ಲದ ಎಮ್ಮೆಗೆ ಐದು ತಿಂಗಳು ಹೆಚ್ಚಿಗೆ ಮೇವು. ಎಮ್ಮೆಯ ಬೆದೆ ಮೂಕ ಬೆದೆ, ಬೇಸಿಗೆಯಲ್ಲಂತೂ ಗೊತ್ತೇ ಆಗದು. ಲೋಳೆ ಹಸುವಿನಂತೆ ಜೋತಾಡುವುದಿಲ್ಲ, ಮಲಗಿದಾಗ ನೆಲಕ್ಕೆ ಬಿದ್ದಿರುತ್ತದೆ. ರಾತ್ರಿ ಮಲಗುವ ಮುಂಚೆ, ನಸುಕಿನಲ್ಲಿ ಎದ್ದ ಕೂಡಲೇ ಬಾಲದ ಕೆಳಗೆ ಬ್ಯಾಟರಿ ಹಾಕಿ ನೋಡಿ. ಪದೇ ಪದೇ ಉಚ್ಚೆ, ಹಾಲು ಏರಿಸಿಕೊಳ್ಳುವುದೂ ಗುರುತು. ಬೆಳಿಗ್ಗೆ ಕಂಡರೆ ಸಂಜೆ ಗಬ್ಬದ ಇಂಜೆಕ್ಷನ್ (ಕೃತಕ ಗರ್ಭಧಾರಣೆ), ಸಂಜೆ ಕಂಡರೆ ಮರುದಿನ ಬೆಳಿಗ್ಗೆ. 21 ದಿನಕ್ಕೆ ಮತ್ತೆ ಬೆದೆ ಬಂತೇ ನೋಡಿ, ಮೂರು ತಿಂಗಳಿಗೆ ಡಾಕ್ಟರಿಂದ ಗಬ್ಬ ಪರೀಕ್ಷೆ ಮಾಡಿಸಿ. ದಿನಾ 50 ಗ್ರಾಂ ಖನಿಜ ಮಿಶ್ರಣ ತಪ್ಪಿಸಬೇಡಿ. ಎರಡೂ ಎಮ್ಮೆ ಒಟ್ಟಿಗೆ ಬತ್ತದಂತೆ ಆರು ತಿಂಗಳ ಅಂತರ ಇಟ್ಟುಕೊಂಡರೆ ಮುಂಗಡದ ಮಾತೇ ಕಡಿಮೆಯಾಗುತ್ತದೆ.